ಕೈ ತೊಳೆಯದ ಊಟ

ನಮ್ಮೂರಿಗೆ ಪ್ರಶಸ್ತಿ ಬಂದಿದೆ. ತಂಪೂರು ಪ್ರಶಸ್ತಿ. ಪಂಚಾಯ್ತಿ ಆಫೀಸಿನ ಗೋಡೆಗೆ ಬಾಗಿಲಿನಷ್ಟು ದೊಡ್ಡ ಫೋಟೋ ಹಾಕಿದ್ದಾರೆ. ಫೋಟೋದಲ್ಲಿ ಬೇವಿನ ಮರ, ಮರದ ಸುತ್ತ ಕಟ್ಟೆ, ಕಟ್ಟೆಯ ಮೇಲೆ ನಾವು. ನಾನು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಕೂತಿದ್ದೇನೆ. ಊರಿನ ಹೆಸರು ಮಾತ್ರ ಕೇಳಬೇಡಿ. ಸಂಡೂರಿನಿಂದ ಬಂಡ್ರಿ ಕಡೆ ಹೋಗುವ ದಾರಿಯಲ್ಲಿದೆ ಅಂತ ತಿಳಿದುಕೊಂಡರೆ ಸಾಕು. ಹೆಸರು ಹೇಳಿದರೆ ಯಾರಾದರೂ ಬಂದು ಪ್ರಶಸ್ತಿ ವಾಪಸ್ ಕೇಳಿಯಾರು.

ಆ ಪ್ರಶಸ್ತಿ ತಂದದ್ದು ನಮ್ಮ ಕುಂಡಿಗಳು. ನಗಬೇಡಿ. ಅಥವಾ ನಗಿ, ಏನಂತೆ! ಅವತ್ತಿನಿಂದ ನಮಗೂ ನಗು ತಡೆಯೋಕೆ ಆಗಿಲ್ಲ.

ನಾನು ವಿರುಪಮ್ಮ. ಮಾದಿಗರ ಕೇರಿಯವಳು. ಗಂಡ ಗುಡ್ಡಪ್ಪ ತೋರಣಗಲ್ಲಿನ ಉಕ್ಕಿನ ಕಂಪನಿಯಲ್ಲಿ ಗುತ್ತಿಗೆ ಕೂಲಿ. ನಾನು ಊರಲ್ಲೇ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತೇನೆ. ಅದಿರಿನ ಲಾರಿ ಓಡಾಡೋಕೆ ರಸ್ತೆ ಅಗಲ ಮಾಡಿದರಲ್ಲ, ಆಗ ನಮ್ಮ ಕೇರಿಯ ಹೊಂಗೆ, ಹುಣಸೆ ಎಲ್ಲ ಹೋದವು. ಊರಿನ ಮನೆಗಳ ಹತ್ತಿರ ರಸ್ತೆ ಸೊಂಟ ತಿರುಗಿಸಿಕೊಂಡು ಹೋಯಿತು. ನಮ್ಮ ಹತ್ತಿರ ನೆಟ್ಟಗೆ ಬಂತು. ಈಗ ಕೇರಿಯಲ್ಲಿ ನೆರಳು ಅಂತ ಇದ್ದರೆ ಅದು ಲಾರಿ ಹೋಗುವಾಗ ಬೀಳುವ ನೆರಳು. ಮನೆಗೆಲ್ಲ ತಗಡು. ಮೇ ತಿಂಗಳಲ್ಲಿ ಒಳಗೆ ಕೂತರೆ ನೆತ್ತಿ ಬೇಯುತ್ತದೆ, ಹೊರಗೆ ನಿಂತರೆ ಅಂಗಾಲು ಸುಡುತ್ತದೆ. ಕೊಡದಲ್ಲಿಟ್ಟ ನೀರೇ ಚಹಾ ಮಾಡುವಷ್ಟು ಕಾದಿರುತ್ತದೆ.

ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಅಂತ ಸರ್ಕಾರಕ್ಕೂ ಗೊತ್ತಾಯಿತು. ಒಂದೊಂದು ಊರೂ ತನ್ನ ಕೆರೆ, ತನ್ನ ಮರ, ತನ್ನ ನೆರಳು ಕಾಪಾಡಿಕೊಳ್ಳಬೇಕು ಅಂತ ಯೋಜನೆ ಬಂತು. ಗ್ರಾಮಸಭೆಯಲ್ಲಿ ಹಾಲೇಶ ಮೈಕು ಹಿಡಿದು ‘ಹವಾಮಾನ ಬದಲಾವಣೆ’ ಅಂದ. ಚಪ್ಪಾಳೆ ಬಿತ್ತು. ಹಾಲೇಶ ಅಂದರೆ ನಮ್ಮ ಪಂಚಾಯ್ತಿ ಅಧ್ಯಕ್ಷ ಕೊಟ್ರಯ್ಯ ಸಾವ್ಕಾರರ ಮಗ. ಮೈಕು ಅವನದು, ಗುದ್ದಲಿ ನಮ್ಮದು. ಕೆರೆ ಹೂಳು ತೆಗೆದದ್ದು ನಾವು. ಬುಟ್ಟಿ ಹೊತ್ತು ಹೊತ್ತು ನನ್ನ ನೆತ್ತಿಯ ಕೂದಲು ಉದುರಿ ಬಟ್ಟಲಷ್ಟು ಬೋಳಾಗಿದೆ. ಏರಿಯ ಮೇಲೆ ಸಸಿ ನೆಟ್ಟದ್ದು ನಾವು. ಊರ ನಡುವಿನ ಬೇವಿನ ಮರಕ್ಕೆ ಹೊಸ ಕಟ್ಟೆ ಕಟ್ಟುವಾಗ ಕಲ್ಲು ಹೊತ್ತದ್ದು ನಾವು. ಆ ಮರ ಒಣಗುತ್ತ ಬಂದಾಗ ಎರಡು ಬೇಸಿಗೆ ಕೆರೆಯಿಂದ ಕೊಡ ಹೊತ್ತು ಉಳಿಸಿದ್ದೂ ನಾವೇ.

ನೀರು ಹಾಕೋಕೆ ಕಟ್ಟೆ ಹತ್ತಬಹುದಿತ್ತು. ಹಾಕಿದ ಕೂಡಲೇ ಇಳಿಯಬೇಕಿತ್ತು. ನಿಂತುಕೊಂಡರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಕೂರುವ ಹಾಗಿರಲಿಲ್ಲ. ನಿಂತರೆ ಕೆಲಸ, ಕೂತರೆ ಹಕ್ಕು. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

‘ನಮ್ಮ ಕೊಡಕ್ಕ ಇರೋ ಮರ್ಯಾದಿ ನಮ್ಮ ಕುಂಡಿಗಿಲ್ಲ ನೋಡ’ ಅಂತ ಶಾಂತಕ್ಕ ಅನ್ನುತ್ತಿದ್ದಳು. ಶಾಂತಕ್ಕ ನಮ್ಮ ಕೇರಿಯ ಹಿರಿಯಳು. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಬರವಿಲ್ಲ.

ಬೆಳಿಗ್ಗೆ ಮರದ ನೆರಳು ಕಟ್ಟೆ ದಾಟಿ ರಸ್ತೆಯ ಮೇಲೆ ಉದ್ದಕ್ಕೆ ಬೀಳುತ್ತದೆ. ಆಗ ನಾವು ನೆಲದಲ್ಲಿ ಕೂರಬಹುದಿತ್ತು. ಹೊತ್ತು ಏರಿದ ಹಾಗೆ ನೆರಳು ಹಿಂದೆ ಸರಿಯುತ್ತದೆ. ನಾವೂ ಅದರ ಹಿಂದೆ ಕೂತಲ್ಲೇ ಕುಂಡಿ ಎಳೆದುಕೊಂಡು ಸರಿಯುತ್ತಿದ್ದೆವು. ಬಿಸಿಲು ನೆತ್ತಿಗೆ ಬಂದಾಗ ನೆರಳೆಲ್ಲ ಕಟ್ಟೆ ಹತ್ತಿ ಕೂತುಬಿಡುತ್ತಿತ್ತು, ಊರಿನವರ ಜೊತೆ. ನಾವು ಕೆಳಗೆ. ಕಟ್ಟೆಯನ್ನು ಅಷ್ಟು ಅಗಲ ಕಟ್ಟಿದ್ದೂ ನಾವೇ. ನಮ್ಮ ದಡ್ಡತನಕ್ಕೆ ಏನು ಹೇಳೋಣ!

ಈ ಬೇಸಿಗೆಯಲ್ಲಿ ನನ್ನ ಮಗಳು ಸುಕನ್ಯಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಅವಳನ್ನು ಕೊಟ್ಟಿದ್ದು ಕಂಪ್ಲಿ ಕಡೆ ಮೆಟ್ರಿ ಅನ್ನುವ ಊರಿಗೆ. ಅಲ್ಲಿ ಕಾಲುವೆ, ಗದ್ದೆ, ಒಂಚೂರು ತಂಪು ಗಾಳಿ. ಇಲ್ಲಿ ಬಂದು ತಗಡಿನ ಕೆಳಗೆ ಕೂತಳು. ಮುಖವೆಲ್ಲ ಬಾತು ಕೆಂಪಾಯಿತು. ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಕಣ್ಣು ಮೇಲಾಗಿತ್ತು. ನಾನೂ ಶಾಂತಕ್ಕನೂ ಅವಳನ್ನು ಹೊತ್ತುಕೊಂಡು ಓಡಿದೆವು. ಬೇರೆ ಎಲ್ಲಿಗೆ ಓಡುವುದು? ಬೇವಿನ ಮರದ ಹತ್ತಿರ. ಕಟ್ಟೆಯ ಮೇಲೆ ಮಲಗಿಸಿ ಸೆರಗಿನಿಂದ ಗಾಳಿ ಹಾಕಿದೆ.

ಕೊಟ್ರಯ್ಯ ಸಾವ್ಕಾರರು ಅಲ್ಲೇ ಇದ್ದರು. ಅವರು ಬೈಯುವ ಮನುಷ್ಯ ಅಲ್ಲ. ಬಾಯಿ ಅಂದರೆ ಬೆಲ್ಲ.

‘ವಿರುಪಮ್ಮ, ಕೆಳಗ ಮಲಗಸವ್ವ. ಪಾಪ, ಬಸುರಿ ಹುಡುಗಿ. ನೆಲ ಸುಡತೈತಿ ಅಂದ್ರ ಒಂದು ಚಾಪಿ ಕೊಡಸ್ತೀನಿ.’

ಕೊಡಿಸಿದರು. ಹೊಸ ಚಾಪೆ. ಮಗಳನ್ನು ಇಳಿಸಿ ಬಿಸಿಲಲ್ಲಿ ಹಾಸಿದ ಹೊಸ ಚಾಪೆಯ ಮೇಲೆ ಮಲಗಿಸಿದೆ. ನಾಲ್ಕು ಜನ ಹೆಂಗಸರು ಸುತ್ತ ನಿಂತು ಸೆರಗು ಹಿಡಿದು ನೆರಳು ಮಾಡಿದರು. ನೆರಳು ಬೇಕಾದರೆ ನಮ್ಮ ಸೀರೆಯಿಂದಲೇ ಮಾಡಿಕೊಳ್ಳಬೇಕು. ಕಟ್ಟೆಯ ಮೇಲೆ ನಾಲ್ಕು ಜನ ಮಲಗುವಷ್ಟು ಜಾಗ ಖಾಲಿ ಬಿದ್ದಿತ್ತು. ಆ ಖಾಲಿ ಜಾಗವನ್ನೇ ನೋಡುತ್ತ ನಿಂತೆ. ಸುಕನ್ಯಾ ಎಚ್ಚರಾಗಿ ‘ಯವ್ವಾ, ನನ್ನ ಕೂಸು ಇಲ್ಲಿ ಉಳಿಯಂಗಿಲ್ಲ’ ಅಂದಳು. ಅವತ್ತಿನಿಂದ ನನಗೆ ಬೇರೆ ಯೋಚನೆ ಇರಲಿಲ್ಲ. ಹೆರಿಗೆಯ ತನಕ ಈ ಹುಡುಗಿಗೆ ಮಧ್ಯಾಹ್ನದ ಹೊತ್ತು ನೆರಳು ಬೇಕು. ಎಲ್ಲಿಂದ ತರಲಿ?

ಹೀಗಿರುವಾಗ ಹಾಲೇಶ ಕೇರಿಗೆ ಬಂದ. ಬೈಕು ದೂರದಲ್ಲೇ ನಿಲ್ಲಿಸಿ ನಡೆದು ಬಂದ. ಅದೇ ನಮಗೆ ಅನುಮಾನ. ‘ಯಕ್ಕಾ’ ಅಂದ. ಅನುಮಾನ ಜಾಸ್ತಿಯಾಯಿತು.

ತಂಪೂರು ಪ್ರಶಸ್ತಿಗೆ ನಮ್ಮ ಊರು ಕೊನೆಯ ಸುತ್ತಿಗೆ ಬಂದಿದೆಯಂತೆ. ಕೆರೆಗೆ ಮಾರ್ಕು ಸಿಕ್ಕಿದೆ, ಸಸಿಗೆ ಸಿಕ್ಕಿದೆ. ಇನ್ನು ಉಳಿದಿರುವುದು ನೆರಳು. ಊರ ನೆರಳನ್ನು ಎಲ್ಲ ಜನ ಬಳಸಬೇಕು, ಅದನ್ನು ಕಮಿಟಿಯವರು ಕಣ್ಣಾರೆ ನೋಡಬೇಕು. ಅದಕ್ಕೇ ಕಟ್ಟೆಯ ಮೇಲೆ ಎಲ್ಲರೂ ಕೂಡಿ ಊಟ.

‘ಎಲ್ಲಾರೂ ಅಂದ್ರ?’ ಅಂದೆ.

‘ಎಲ್ಲಾರೂ ಅಂದ್ರ ನೀವು’ ಅಂದ.

ಅಷ್ಟರಲ್ಲಿ ಹಿಂದಿನಿಂದ ಕೊಟ್ರಯ್ಯನವರೂ ಬಂದರು. ಕೊಡೆ ಹಿಡಿದುಕೊಂಡೇ ಮಾತಾಡಿದರು.

‘ಮೈ ತೊಳಕೊಂಡು, ಚಲೋ ಸೀರಿ ಉಟ್ಕೊಂಡು ಬರ್ರಿ. ಕುಂದ್ರಿ, ಉಣ್ರಿ, ಫೋಟೊ ಆದ ಮ್ಯಾಲ ಎದ್ದು ಹೋಗ್ರಿ. ಕಮಿಟಿ ಮೇಡಂ ಕೇಳಿದ್ರ ದಿನಾ ಇಲ್ಲೇ ಕುಂದುರ್ತೀವಿ ಅನ್ರಿ. ಊರ ಮರ್ಯಾದಿ ನಿಮ್ಮ ಕೈಯಾಗೈತಿ.’

‘ಕೈಯಾಗಿಲ್ರಿ ಧಣಿ, ಸ್ವಲ್ಪ ಕೆಳಗೈತಿ’ ಅಂದಳು ಶಾಂತಕ್ಕ.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಸಾವ್ಕಾರರಿಗೆ ತಿಳಿಯಲಿಲ್ಲ. ಶಾಂತಕ್ಕ ಮುಖ ಗಂಭೀರ ಮಾಡಿ ‘ಹೋಳಿಗಿ ಇರತಾವೇನ್ರಿ?’ ಅಂತ ಕೇಳಿದಳು. ಇರುತ್ತವೆ ಅಂದರು.

ಈಗ ನೋಡಿ, ಇದೆಲ್ಲ ನಾವು ಮೊದಲೇ ಮಾಡಿದ ಸಂಚು ಅಂತ ಊರಿನವರು ಹೇಳುತ್ತಾರೆ. ಸುಳ್ಳು. ನಾವು ಹೋಳಿಗೆಗೆ ಹೋಗಿದ್ದೆವು.

ಕಮಿಟಿ ಬರುವ ದಿನ ಬಿಸಿಲಲ್ಲಿ ನಿಂತರೆ ಕಾದ ಹಂಚಿನ ಮೇಲೆ ನಿಂತ ಹಾಗಿತ್ತು. ಕಟ್ಟೆಗೆ ಸುಣ್ಣ ಬಳಿದಿದ್ದರು. ಬಳಿದದ್ದೂ ನಾವೇ ಅನ್ನಿ. ಹೊಸಪೇಟೆಯಿಂದ ಬಾಳೆ ಎಲೆ ಬಂದಿದ್ದವು. ಕಂಪ್ಲಿ ಅಕ್ಕಿಯ ಅನ್ನ, ರೊಟ್ಟಿ, ಎಣ್ಣೆಗಾಯಿ, ಹಪ್ಪಳ, ಹೋಳಿಗೆ, ತುಪ್ಪ. ಅಡುಗೆಯೆಲ್ಲ ಸಾವ್ಕಾರರ ಹೆಂಡತಿ ಕೊಟ್ರಮ್ಮನವರ ಮೇಲ್ವಿಚಾರಣೆಯಲ್ಲಿ. ಮರದ ಈಚೆ ನಮ್ಮ ಎಲೆಗಳು, ಆಚೆ ಊರಿನವರ ಎಲೆಗಳು. ನಡುವೆ ಬೇವಿನ ಬೊಡ್ಡೆ. ಫೋಟೋಗೆ ಎಲ್ಲರೂ ಒಂದೇ ಪಂಕ್ತಿ.

ಕಟ್ಟೆ ಹತ್ತಿದೆ. ಕೂತೆ.

ಏನು ಹೇಳಲಿ! ಆ ಕಲ್ಲನ್ನು ನಾನು ಹೊತ್ತಿದ್ದೇನೆ. ಹೆಗಲು ಸುಲಿದಿತ್ತು. ಹೊತ್ತಾಗ ಅದು ಕೆಂಡ. ಈಗ ಕೂತರೆ ತಣ್ಣಗೆ! ಸೀರೆಯೊಳಗಿಂದ ತಂಪು ಮೇಲೆ ಹತ್ತುತ್ತ ಹತ್ತುತ್ತ ಬೆನ್ನಿಗೆ ಬಂತು. ಕಚಗುಳಿ ಇಟ್ಟ ಹಾಗಾಯಿತು. ಪಕ್ಕದಲ್ಲಿ ಶಾಂತಕ್ಕ ಕುಂಡಿ ಅತ್ತಿತ್ತ ಆಡಿಸುತ್ತ ‘ಯವ್ವಾ ಯವ್ವಾ, ಇಷ್ಟು ವರ್ಷ ಈ ಸುಖಾ ಇವರೊಬ್ಬರ ತಿಂದಾರಲ್ಲೇ!’ ಅಂದಳು. ಅಲ್ಲಿಂದ ನಗು ಶುರುವಾಯಿತು. ಒಬ್ಬಳಿಂದ ಒಬ್ಬಳಿಗೆ ಹೋಯಿತು. ಯಾಕೆ ನಗುತ್ತಿದ್ದೇವೆ ಅಂತ ಕೇಳಿದರೆ ಹೇಳೋಕೆ ಆಗುತ್ತಿರಲಿಲ್ಲ.

ಸುಕನ್ಯಾ ಬೊಡ್ಡೆಗೆ ಒರಗಿ ಕೂತಳು. ಕಾಲು ಚಾಚಿದಳು. ಬಾತ ಮುಖ ನೋಡನೋಡುತ್ತ ಇಳಿಯಿತು. ಮೇಲೆ ಎಲೆ ಅಲುಗಿದಾಗ ಅವಳ ಹೊಟ್ಟೆಯ ಮೇಲೆ ಬೆಳಕಿನ ಚುಕ್ಕೆ ಓಡಾಡುತ್ತಿದ್ದವು.

ಕಮಿಟಿಯ ದೇವಿಕಾ ಮೇಡಂ ಬೆವರು ಒರೆಸಿಕೊಳ್ಳುತ್ತ ಬಂದು ‘ನೀವು ದಿನಾಲೂ ಇಲ್ಲಿ ಕೂರ್ತೀರಾ?’ ಅಂತ ಕೇಳಿದರು.

ಕೊಟ್ರಯ್ಯನವರ ಕಣ್ಣು ನನ್ನ ಬಾಯ ಮೇಲೆ.

‘ಇವತ್ತಿಂದ ರೀ’ ಅಂದೆ.

ಮೇಡಂ ನಕ್ಕು ತಲೆ ಆಡಿಸಿದರು. ಫೋಟೋ ತೆಗೆಸಿದರು. ಹಾಲೇಶ ಬಡಿಸುತ್ತಿದ್ದ. ಆಚೆ ಪಂಕ್ತಿಗೆ ಬಗ್ಗಿ ಬಡಿಸುತ್ತಿದ್ದ. ನಮ್ಮ ಪಂಕ್ತಿಗೆ ಬಂದಾಗ ಸೊಂಟ ಬಗ್ಗುತ್ತಿರಲಿಲ್ಲ. ಮೇಲಿಂದಲೇ ಹೋಳಿಗೆ ಬಿಡುತ್ತಿದ್ದ. ಎಲೆಯ ಮೇಲೆ ಬಿದ್ದರೆ ಪುಣ್ಯ. ಸಾರು ಹಾಕಿದರೆ ಅರ್ಧ ನಮ್ಮ ಸೀರೆಗೆ. ಮೇಡಂ ಊಟ ಮುಗಿಸಿ, ನಾಲ್ಕು ಒಳ್ಳೆಯ ಮಾತಾಡಿ, ಜೀಪು ಹತ್ತಿ ಹೊಸಪೇಟೆ ಕಡೆ ಹೋದರು. ಆಚೆಯವರು ಕೈ ತೊಳೆದು ಎದ್ದರು. ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ, ಕೊಟ್ರಯ್ಯನವರು ಚಪ್ಪಾಳೆ ತಟ್ಟಿದರು. ಕೋಳಿ ಓಡಿಸುವಾಗ ತಟ್ಟುತ್ತಾರಲ್ಲ, ಹಾಗೆ.

‘ಹ್ಞೂಂ, ಏಳ್ರವ್ವ. ಆತು. ಭಾಳ ಚಲೋ ಆತು. ಏಳ್ರಿ.’

ಎಲ್ಲರೂ ಏಳೋಕೆ ಕೈ ಊರಿದರು. ರೂಢಿ ಅಂದರೆ ರೂಢಿ. ನಾನೂ ಮೊಣಕಾಲು ಮಡಿಸಿದೆ. ಆಗ ಸುಕನ್ಯಾಳ ಮುಖ ನೋಡಿದೆ. ಅವಳಿಗೆ ನಿದ್ದೆ ಬಂದಿತ್ತು. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ. ಬಾಯಿ ಅರ್ಧ ತೆರೆದು, ಬೆರಳಿಗೆ ತುಪ್ಪ ಹತ್ತಿಸಿಕೊಂಡು, ಎಲೆಯ ಮುಂದೆ ಕೂತಲ್ಲೇ ಮಲಗಿದ್ದಳು. ಹೊರಗೆ ರಸ್ತೆಯ ಟಾರು ಕರಗಿ ಹೊಳೆಯುತ್ತಿತ್ತು.

ನಾನು ಮತ್ತೆ ಕೂತೆ.

‘ಊಟ ಆಗಿಲ್ರಿ’ ಅಂದೆ.

‘ಏನು?’

‘ನಮ್ಮದು ಊಟ ಆಗಿಲ್ಲ. ಇನ್ನೂ ಕೈ ತೊಳದಿಲ್ಲ.’

ಕೊಟ್ರಯ್ಯನವರು ಬಾಯಿ ತೆರೆದರು. ಆದರೆ ಅವರಿಗಿಂತ ಮೊದಲು ಕೊಟ್ರಮ್ಮನವರ ದನಿ ಬಂತು. ‘ಎಲಿ ಮುಂದ ಕುಂತವರನ್ನ ಎಬ್ಬಸಬ್ಯಾಡ್ರಿ!’

ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದು. ಇದು ನಮ್ಮ ಕಡೆ ಕೂಸಿಗೂ ಗೊತ್ತು. ಉಂಡವರು ತಾವಾಗಿ ಕೈ ತೊಳೆಯುವ ತನಕ ಊಟ ಊಟವೇ. ನಡುವೆ ಎಬ್ಬಿಸಿದ ಮನೆ ಉದ್ಧಾರ ಆಗುವುದಿಲ್ಲ. ಕೊಟ್ರಮ್ಮನವರಿಗಂತೂ ಇದು ಪ್ರಾಣಕ್ಕಿಂತ ಹೆಚ್ಚು.

‘ನಮ್ಮ ಮಾವ ಒಂದು ಸಲ ಸಿಟ್ಟಿನಾಗ ಒಬ್ಬನ್ನ ಎಲಿ ಮುಂದಿಂದ ಎಬ್ಬಿಸಿದ್ದಕ್ಕ ಹಟ್ಟಿಯಾಗಿನ ಎಮ್ಮಿ ಎಲ್ಲಾ ಬತ್ತಿ ಹೋದ್ವು. ನನಗ ನೆಪ್ಪೈತಿ. ಉಣ್ಣಲಿ ಬಿಡ್ರಿ, ಎಷ್ಟ ಉಂಡಾರು?’

ಎಷ್ಟು ಉಂಡಾರು ಅಂದರಲ್ಲ, ಅದೇ ಅವರು ಮಾಡಿದ ತಪ್ಪು. ನಮ್ಮ ಕೇರಿಗೆ ಅದು ಪಂದ್ಯ ಕಟ್ಟಿದ ಹಾಗೆ ಕೇಳಿಸಿತು.

‘ತಮ್ಮಾ ಹಾಲೇಶ, ಇಲ್ಲೊಂದು ಹೋಳಿಗಿ’ ಅಂದಳು ಶಾಂತಕ್ಕ. ‘ಮೆತ್ತಗಿಂದು ನೋಡಿ ಹಾಕು. ಹಲ್ಲಿಲ್ಲ, ಚೀಪಿ ಚೀಪಿ ತಿನಬೇಕು. ಹೊತ್ತಾಕ್ಕೈತಿ.’

ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಅದೂ ಕೊಟ್ರಮ್ಮನವರು ನಿಂತು ನೋಡುತ್ತಿರುವಾಗ! ಹಾಲೇಶ ಬಡಿಸಿದ. ‘ಇಲ್ಲೂ’ ಅಂದಳು ಇನ್ನೊಬ್ಬಳು. ‘ಇಲ್ಲಿ ಸ್ವಲ್ಪ ಸಾರು.’ ‘ಸಾರು ಜಾಸ್ತಿ ಆತು, ಅನ್ನ.’ ‘ಅನ್ನ ಜಾಸ್ತಿ ಆತಪ್ಪ, ಸಾರು.’ ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವರು ಅವರು, ಉಣ್ಣುವವರು ನಾವು. ಒಂದು ತುತ್ತು ಬಾಯಿಗೆ, ಆಮೇಲೆ ಒಂದು ಸುದ್ದಿ. ಒಂದು ತುತ್ತು, ಒಂದು ಹಾಡು. ಒಬ್ಬಳು ಎಡಗೈಯಿಂದ ಜಡೆ ಬಿಚ್ಚಿಕೊಂಡು ಕೂತಳು. ಹಾಲೇಶನಿಗೆ ಬಡಿಸಿ ಬಡಿಸಿ ತೋಳು ಸೋತಿತು. ಮೇಲಿಂದ ಬಿಡುತ್ತಿದ್ದ ಕೈ ಕೆಳಗೆ ಕೆಳಗೆ ಇಳಿಯಿತು. ಕಡೆಗೆ ಸೊಂಟ ತಾನಾಗಿ ಬಗ್ಗಿತು. ನನ್ನ ಎಲೆಗೆ ಬಗ್ಗಿ, ಮೆಲ್ಲಗೆ, ಅಂಚಿಗೆ ಉಪ್ಪಿನಕಾಯಿ ಇಟ್ಟ. ಆಯಾಸ ಮನುಷ್ಯನಿಗೆ ಎಷ್ಟು ಮರ್ಯಾದೆ ಕಲಿಸುತ್ತದೆ!

ಕೊಟ್ರಯ್ಯನವರು ಮಜ್ಜಿಗೆ ತರಿಸಿದರು. ಮಜ್ಜಿಗೆ ಬಂದರೆ ಊಟ ಮುಗಿಯಿತು ಅಂತ ಅರ್ಥ. ಕುಡಿದೆವು. ಕುಡಿದು ಮತ್ತೆ ಹೋಳಿಗೆ ಕೇಳಿದೆವು.

‘ಮಜ್ಜಿಗಿ ಆದ ಮ್ಯಾಲ ಹೋಳಿಗೀನ?’

‘ನಮಗೇನ್ ಗೊತ್ರಿ ಧಣಿ ಪದ್ಧತಿ. ನಮ್ಮನ್ನ ಯಾವತ್ತು ಪಂಕ್ತಿಗೆ ಕರದಿದ್ರಿ?’

ಬೊಗಸೆ ತುಂಬ ಎಲೆ ಅಡಿಕೆ ತಂದಿಟ್ಟರು. ಕೈ ತೊಳೆಯೋಕೆ ತಂಬಿಗೆಯಲ್ಲಿ ನೀರು ತಂದಿಟ್ಟರು. ಆ ತಂಬಿಗೆ ನಮ್ಮ ಪಂಕ್ತಿಯ ಉದ್ದಕ್ಕೂ ಹೋಯಿತು. ಯಾರೂ ಮುಟ್ಟಲಿಲ್ಲ. ಎಲ್ಲರೂ ಬಲಗೈ ಎತ್ತಿ ಹಿಡಿದು ಕೂತಿದ್ದೆವು. ಒಣಗಿದ ಅನ್ನ ಹತ್ತಿದ ಕೈಗಳು. ಅವನ್ನು ನೋಡಿ ನೋಡಿ ನಗು.

ಊರಿನ ಗಂಡಸರು ಬಿಸಿಲಲ್ಲಿ ನಿಂತಿದ್ದರು. ಮೊದಲ ಸಲ ಅವರು ಕೆಳಗೆ, ನಾವು ಮೇಲೆ. ಒಬ್ಬ ‘ಪೊಲೀಸ್ ಕರಸ್ರಿ’ ಅಂದ.

‘ಕರಸ್ರಿ’ ಅಂದಳು ಶಾಂತಕ್ಕ. ‘ಅವರಿಗೂ ಒಂದು ಎಲಿ ಹಾಕ್ರಿ. ಪಾಪ, ಸಂಡೂರಿಂದ ಬಿಸಿಲಾಗ ಬರತಾರ.’

ಕೊಟ್ರಯ್ಯನವರಿಗೆ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪೊಲೀಸರು ಬಂದರೆ ಏನು ಅಂತ ಹೇಳುವುದು? ಊಟಕ್ಕೆ ಕರೆದೆವು, ಉಣ್ಣುತ್ತಿದ್ದಾರೆ ಅಂತಲೇ? ಅವರು ನನ್ನ ಹತ್ತಿರ ಬಂದು ದನಿ ಇಳಿಸಿದರು. ಬೆಲ್ಲ ಹೋಗಿತ್ತು.

‘ವಿರುಪಮ್ಮ, ಏನ್ ಬೇಕು ನಿನಗ?’

‘ನೆರಳು.’

‘ನೆರಳು ಯಾರಪ್ಪನ ಮನಿ ಆಸ್ತೀನ? ಯಾರು ಬ್ಯಾಡ ಅಂದಾರ?’

‘ನೀವು. ಚಾಪಿ ಕೊಟ್ಟು.’

ಅವರು ಸುಕನ್ಯಾಳ ಕಡೆ ನೋಡಿದರು. ಅವಳು ಗೊರಕೆ ಹೊಡೆಯುತ್ತಿದ್ದಳು. ಸಣ್ಣ ಗೊರಕೆ. ಆ ಸದ್ದು ಕೇಳಿ ನನಗೆ ಒಮ್ಮೆಗೇ ನಗು, ಅಳು ಎರಡೂ ಬಂದವು. ಎರಡನ್ನೂ ತಡೆಯಲಿಲ್ಲ.

ಸಂಜೆ ಕಂಪನಿ ಬಸ್ಸು ಬಂತು. ಗುಡ್ಡಪ್ಪ ಇಳಿದ. ತಲೆಯಿಂದ ಕಾಲಿನ ತನಕ ಕರಿ ಧೂಳು. ಹೆಂಡತಿ, ಮಗಳು, ಇಡೀ ಕೇರಿ ಕಟ್ಟೆಯ ಮೇಲೆ ಕೂತಿರುವುದನ್ನು ನೋಡಿ ಅವನ ಕೈಯಿಂದ ಡಬ್ಬಿ ಬಿತ್ತು.

‘ಏನಲೇ ಇದು?’

‘ಊಟ. ಬಾ, ಕುಂದ್ರು.’

ಅವನು ಕಟ್ಟೆ ನೋಡಿದ, ಕೊಟ್ರಯ್ಯನವರನ್ನು ನೋಡಿದ, ತನ್ನ ಪ್ಯಾಂಟು ನೋಡಿಕೊಂಡ. ‘ಸುಣ್ಣ ಹೊಸಾದೈತಿ, ಕರಿ ಹತ್ತತೈತಿ’ ಅಂದ. ಇಡೀ ಜೀವಮಾನ ಹೆದರಿದ ಮನುಷ್ಯ, ಈಗ ಸುಣ್ಣದ ಚಿಂತೆ! ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ನಕ್ಕ, ಯಾಕೆ ಅಂತ ತಿಳಿಯದೆಯೇ. ಹತ್ತಿ ಕೂತ. ಎದ್ದಾಗ ಸುಣ್ಣದ ಮೇಲೆ ಅವನು ಕೂತ ಗುರುತು ಕರ‍್ರಗೆ ಮೂಡಿತ್ತು. ಇನ್ನೂ ಹಾಗೇ ಇದೆ.

ಹೊತ್ತು ಮುಳುಗಿತು. ಇನ್ನು ನೆರಳು ಬೇಕಿರಲಿಲ್ಲ. ಹೊಟ್ಟೆಯಲ್ಲಿ ಜಾಗವೂ ಇರಲಿಲ್ಲ. ನಾವೇ ತಂಬಿಗೆ ಎತ್ತಿಕೊಂಡೆವು. ಒಬ್ಬರಾದ ಮೇಲೆ ಒಬ್ಬರು ಬೇವಿನ ಬುಡದಲ್ಲಿ ಕೈ ತೊಳೆದೆವು. ಎಲೆಗಳನ್ನು ನಾವೇ ಎತ್ತಿದೆವು.

‘ನಾಳೆ ಮಧ್ಯಾಹ್ನ ಬರ್ತೀವ್ರಿ’ ಅಂತ ಹೇಳಿ ಇಳಿದೆ.

ಮಾರನೆಯ ದಿನ ಬೆಳಿಗ್ಗೆ ಹಾಲೇಶ ಮತ್ತೆ ಕೇರಿಗೆ ಬಂದ. ತೋಳಿಗೆ ಮುಲಾಮು ಹಚ್ಚಿಕೊಂಡಿದ್ದ. ನಾವು ಕೊಡ ಎತ್ತಿಕೊಂಡು ಕೆರೆಗೆ ಹೊರಟಿದ್ದೆವು.

‘ಯಕ್ಕಾ, ಇವತ್ತು ಸ್ವಲ್ಪ ಜಾಸ್ತಿ ನೀರು ತರಬೇಕಾಗೈತಿ.’

‘ಯಾಕಪ್ಪ?’

‘ಕಟ್ಟಿ ತೊಳಿಯಾಕ.’

‘ಎಂಜಲಾ ಎಲ್ಲಾ ತಗದು ಬಂದೀವಲ್ಲ?’

‘ಎಂಜಲಾ ಅಲ್ಲ ಯಕ್ಕಾ. ಅದು… ನಿನ್ನಿ ನೀವೆಲ್ಲಾ ಕುಂತಿದ್ರಲ್ಲ. ಅಪ್ಪಾಜಿ ಒಮ್ಮಿ ತೊಳಸಂದ್ರು.’

ನಾನು ಕೊಡ ಕೆಳಗಿಟ್ಟೆ.

‘ನಾವು ಕುಂತಿದ್ದಕ್ಕ ಕಟ್ಟಿ ಮೈಲಿಗಿ ಆತು. ಹೌದಿಲ್ಲ?’

ಅವನು ಮುಲಾಮು ಹಚ್ಚಿದ ತೋಳು ತಿಕ್ಕಿಕೊಂಡ.

‘ಆ ಮೈಲಿಗಿ ತೊಳಿಯಾಕ ನಾವ ನೀರು ಹೊತ್ಕೊಂಡು ಬರಬೇಕು?’

‘ಮತ್ತ… ಯಾವಾಗ್ಲೂ ನೀವ ಅಲ್ಲೇನು ತರೋದು?’ ಅಂದ ಹುಡುಗ, ತೀರ ಸಹಜವಾಗಿ.

ಹೇಳಿಬಿಟ್ಟ ಮೇಲೆ ತಾನು ಹೇಳಿದ್ದು ಅವನ ಕಿವಿಗೇ ಬಿತ್ತು. ಮುಖ ಮೆಣಸಿನಕಾಯಿ ಆಯಿತು. ಕೇರಿಯಲ್ಲಿ ಎದ್ದ ನಗು ಇದೆಯಲ್ಲ, ಲಾರಿ ಡ್ರೈವರ್‌ಗಳು ಬ್ರೇಕು ಹಾಕಿ ನೋಡಿದರು. ಶಾಂತಕ್ಕ ನಕ್ಕು ನಕ್ಕು ಕೂತೇಬಿಟ್ಟಳು. ‘ನನ್ನ ಕುಂಡಿ ತೊಳಿಯಾಕ ನನ್ನ ಕಡೆ ನೀರು ಕೇಳ್ತಾನಲ್ಲೇ!’

ನಾನು ನಗಲಿಲ್ಲ. ನಗು ಗಂಟಲ ತನಕ ಬಂತು, ಅಲ್ಲಿ ಸಿಟ್ಟಾಯಿತು.

‘ತರಂಗಿಲ್ಲ’ ಅಂದೆ. ‘ಗಿಡಕ್ಕ ಹಾಕ್ತೀವಿ. ನಾವ ಕುಡಿತೀವಿ. ನಮ್ಮನ್ನ ತೊಳಿಯಾಕ ಒಂದು ಹನಿ ತರಂಗಿಲ್ಲ. ನಿಮ್ಮಪ್ಪಗ ಹೇಳು. ಮೈಲಿಗಿ ಯಾರಿಗೈತೋ ಅವರ ಹೊರಲಿ.’

ಅವರು ಹೊರಲಿಲ್ಲ. ನಲ್ಲಿಯಲ್ಲಿ ಬರುವ ನೀರು ಕುಡಿಯೋಕೇ ಸಾಲದು. ಕೆರೆ ದೂರ, ಬಿಸಿಲು ಕಡು. ಸಾವ್ಕಾರರು ಆಳುಗಳನ್ನು ಕರೆದರು. ಆಳುಗಳೆಂದರೆ ನಾವೇ ಅಲ್ಲವೇ? ಹೀಗಾಗಿ ಕಟ್ಟೆಯನ್ನು ಯಾರೂ ತೊಳೆಯಲಿಲ್ಲ. ತೊಳೆಯದ ಕಟ್ಟೆಯ ಮೇಲೆ ಅವರು ಕೂರುವ ಹಾಗಿಲ್ಲ. ಅವರೇ ಕಟ್ಟಿದ ಬೇಲಿಯ ಹೊರಗೆ ಅವರೇ ನಿಂತರು. ಕಿರಾಣಿ ಅಂಗಡಿಯ ತಗಡಿನ ಕೆಳಗೆ ಗುಂಪಾಗಿ ನಿಂತು, ನೆತ್ತಿ ಬೇಯಿಸಿಕೊಳ್ಳುತ್ತ, ನಮ್ಮನ್ನು ನೋಡುತ್ತಿದ್ದರು. ತಗಡು ಅಂದರೆ ಏನು ಅಂತ ಈಗ ಅವರಿಗೂ ಗೊತ್ತಾಯಿತು.

ನಾವು ಮಧ್ಯಾಹ್ನ ಹೋದೆವು. ಬರಿಗೈಯಲ್ಲಿ ಹೋಗಲಿಲ್ಲ, ಒಬ್ಬೊಬ್ಬರೂ ಒಂದೊಂದು ಕೊಡ ನೀರು ಮರಕ್ಕೆ ಹಾಕಿ ಕೂತೆವು. ಕಟ್ಟೆಗೆ ಅದೇ ಕಾನೂನು ಅಂತ ಅಲ್ಲೇ ತೀರ್ಮಾನ ಆಯಿತು. ಕೂರುವವರು ಮೊದಲು ಮರಕ್ಕೆ ಒಂದು ಕೊಡ ನೀರು ಹಾಕಬೇಕು. ಆಳನ್ನು ಕಳಿಸುವ ಹಾಗಿಲ್ಲ. ಕೂರುವ ಕುಂಡಿ ಯಾರದೋ, ಕೊಡ ಹೊರುವ ಹೆಗಲು ಅವರದೇ. ಬಸುರಿಯರಿಗೆ, ಮುದುಕರಿಗೆ, ಕೂಸುಗಳಿಗೆ ಮಾಫಿ.

ಊರಿನ ಕಡೆಯಿಂದ ಮೊದಲು ಬಂದವನು ಚಹಾ ಅಂಗಡಿಯ ಹುಸೇನಪ್ಪ. ಅವನ ಅಂಗಡಿಗೂ ತಗಡೇ. ಕೊಡ ಹೊತ್ತು ತಂದ, ಹಾಕಿದ, ಕೂತ. ಯಾರೂ ಸಾಯಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದರು, ಕಳ್ಳ ಬೆಕ್ಕಿನ ಹಾಗೆ ಅತ್ತಿತ್ತ ನೋಡುತ್ತ. ಏರಿಯ ಮೇಲೆ ನಾವು ನೆಟ್ಟ ಸಸಿಗಳಿಗೂ ದಾರಿಯಲ್ಲಿ ಒಂದಿಷ್ಟು ನೀರು ಬೀಳತೊಡಗಿತು. ಕೊಡ ಹೊತ್ತು ರೂಢಿ ಇಲ್ಲದವರು ಚೆಲ್ಲಿದ ನೀರು ಅದು. ಹವಾಮಾನಕ್ಕೆ ಅಷ್ಟಾದರೂ ಲಾಭ.

ಕೊಟ್ರಯ್ಯನವರು ಮಾತ್ರ ಬರಲಿಲ್ಲ. ಮನೆಯಲ್ಲಿ ಫ್ಯಾನಿದೆಯಲ್ಲ. ಆದರೆ ಒಂದು ದಿನ ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬರಲಿಲ್ಲ. ಬೇವಿನ ಎಲೆ ಕೂಡ ಅಲುಗದಂಥ ಸೆಕೆ. ಕಟ್ಟೆಯ ಮೇಲೆ ಸುಕನ್ಯಾ ಅದೇ ಹೊಸ ಚಾಪೆ ಹಾಸಿಕೊಂಡು ಕೈಕಾಲು ಚೆಲ್ಲಿ ಮಲಗಿದ್ದಳು. ನಾನು ಅವಳ ತಲೆ ಸವರುತ್ತಿದ್ದೆ. ಶಾಂತಕ್ಕ ಎಲೆ ಅಡಿಕೆ ಕುಟ್ಟುತ್ತಿದ್ದಳು.

‘ಲೇ, ನೋಡಲ್ಲಿ’ ಅಂದಳು.

ರಸ್ತೆಯ ಮೇಲೆ ಕೊಟ್ರಯ್ಯನವರು ಬರುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಕೊಡ. ಕೊಡವನ್ನು ಯಾವ ಹೆಗಲಿಗೆ ಇಡಬೇಕು ಅಂತ ತಿಳಿಯದೆ ಅದಲು ಬದಲು ಮಾಡುತ್ತಿದ್ದರು. ಪ್ರತಿ ಸಲವೂ ನೀರು ಚೆಲ್ಲಿ ಅಂಗಿ ಮೈಗೆ ಅಂಟಿತ್ತು. ಹಿಂದೆ ಹಾಲೇಶ ‘ಅಪ್ಪಾಜಿ, ಕೊಡ್ರಿ ನಾ ಹಿಡಿತೀನಿ’ ಅನ್ನುತ್ತ ಬರುತ್ತಿದ್ದ. ಅವರು ಕೊಡಲಿಲ್ಲ. ಕಾನೂನು ಅವರ ಕಿವಿಗೂ ಬಿದ್ದಿರಬೇಕು. ಕಟ್ಟೆಯ ಮೇಲಿದ್ದ ಊರಿನವರು ಎದ್ದು ನಿಂತರು. ನಾವು ಏಳಲಿಲ್ಲ.

ಅವರು ಬುಡಕ್ಕೆ ನೀರು ಹಾಕಿದರು. ಏದುಸಿರು ಬಿಡುತ್ತ ಜಾಗ ಹುಡುಕಿದರು. ಚಾಪೆ ಅಡ್ಡ ಇತ್ತು. ಅದು ತಾವು ಕೊಡಿಸಿದ ಚಾಪೆ ಅಂತ ಗುರುತು ಸಿಕ್ಕಿತು ಅನಿಸುತ್ತದೆ. ಅಲ್ಲೇ ನಿಂತರು.

‘ಎಬ್ಬಸಬ್ಯಾಡ್ರಿ’ ಅಂದೆ. ‘ಈಗ ನಿದ್ದಿ ಬಂದೈತಿ.’

‘ಇಲ್ಲ, ಮಲಗಲಿ’ ಅಂದರು. ‘ಎಲ್ಲಿ ಕುಂದ್ರಲಿ ಹೇಳವ್ವ.’

ಸಾವ್ಕಾರರು ಎಲ್ಲಿ ಕೂರಬೇಕು ಅಂತ ನಮ್ಮನ್ನು ಕೇಳಿದರು! ಶಾಂತಕ್ಕ ಬಿಡುತ್ತಾಳೆಯೇ? ಅವಳು ಬಗ್ಗಿ ಅವರು ತಂದ ಕೊಡದೊಳಗೆ ಇಣುಕಿದಳು. ಆಮೇಲೆ ಬುಡ ನೋಡಿದಳು, ಎಷ್ಟು ಒದ್ದೆಯಾಗಿದೆ ಅಂತ. ಆಮೇಲೆ ಅವರ ಒದ್ದೆ ಅಂಗಿ ನೋಡಿದಳು.

‘ಅರ್ಧ ಕೊಡ ಬಂದೈತ್ರಿ ಧಣಿ’ ಅಂದಳು. ‘ಇವತ್ತಿಗೆ ಅರ್ಧ ಕುಂಡಿ ಕುಂದ್ರಿ.’

ಕೊಟ್ರಯ್ಯ ಕಟ್ಟೆಯ ಅಂಚಿಗೆ, ಗುಡ್ಡಪ್ಪನ ಕರಿ ಗುರುತಿನ ಪಕ್ಕ, ಅರ್ಧ ಕೂತರು.